ಬೊನಿಫಾಸ್ ಮಾಸ್ತರರ ಸುಂಡಿಲಿ

ನಡೆಯುವಾಗ ಬೊನಿಫಾಸ್ ಮಾಸ್ತರರ ದೃಷ್ಟಿ ಎಂದೂ ಎದುರಿಗಿರುತ್ತಿರಲಿಲ್ಲ. ಗೋಡೆಯ ಬುಡ, ಕಲ್ಲಿನ ಸಂದು, ತರಗೆಲೆಯ ಗುಪ್ಪೆಗಳನ್ನು ಅರಸುತ್ತ, ಕತ್ತು ಬಾಗಿಸಿ, ಪುಟ್ಟ ಪುಟ್ಟ ಅವಸರದ ಹೆಜ್ಜೆಗಳಲ್ಲಿ ಸಾಗುವ ಅವರನ್ನು ಮಸ್ಕತ್‌ನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ರಸ್ತೆಗಳಲ್ಲಿ ಕಂಡ ಅಪರಿಚಿತರು, ಏನೋ ಕಳೆದುಕೊಂಡಿದ್ದಾರೆಂದು ತಾವೂ ಬಾಗಿ ನೋಡುತ್ತಿದ್ದರು. ಉಡುಪಿ ಕಡೆಯವರು, ನಾನು ಗಣಿತ ಕಲಿಸುವ ಶಾಲೆಯಲ್ಲೇ ಜೀವಶಾಸ್ತ್ರದ ಅಧ್ಯಾಪಕರು. ಎ.ಸಿ.ಗೆ ಹೆದರಿ ಕಡುಬೇಸಿಗೆಯಲ್ಲೂ ಬೂದುಬಣ್ಣದ ಉಣ್ಣೆಯ ಕೋಟು ತೊಡುತ್ತಿದ್ದರು.

ಅವರ ಹಂಬಲವೆಲ್ಲ ಒಂದು ಜಾತಿಯ ಅತಿ ಪುಟ್ಟ ಸುಂಡಿಲಿಯದು. ದಕ್ಷಿಣ ಯುರೋಪಿನಿಂದ ಅರೇಬಿಯದವರೆಗೂ ಹಬ್ಬಿರುವ, ಎರಡು ಗ್ರಾಮಿನಷ್ಟೂ ತೂಗದ, ಸೆಕೆಂಡಿಗೆ ಇಪ್ಪತ್ತು ಸಲಕ್ಕೂ ಮಿಗಿಲಾಗಿ ಎದೆ ಮಿಡಿಯುವ, ತನ್ನ ತೂಕಕ್ಕಿಂತ ಹೆಚ್ಚು ಹುಳುಗಳನ್ನು ದಿನವೂ ತಿನ್ನದೆ ಬದುಕಲಾರದ ಜೀವಿ. ಯಾರಾದರೂ ಅದನ್ನು ಇಲಿಯೆಂದರೆ, “ಇಲಿ ಅಲ್ಲ ಮಾರಾಯ್ರೆ, ಇದು ಬೇಟೆಗಾರ!” ಎಂದು ಸಿಡುಕುತ್ತಿದ್ದರು. ವರ್ಷಗಟ್ಟಲೆ ಹುಡುಕಿದರೂ ಒಮಾನಿನಲ್ಲಿ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಸಹೋದ್ಯೋಗಿಗಳಿಗೆ ಅದೊಂದು ನಗೆಯ ವಸ್ತುವಾಗಿತ್ತು.

ಕಳೆದ ಜನವರಿಯಲ್ಲಿ ನಾವಿಬ್ಬರೂ ಸೂರ್ ಪಟ್ಟಣದ ಸಮೀಪದ ಒಂದು ಖರ್ಜೂರದ ತೋಟದಲ್ಲಿ ತಂಗಿದ್ದೆವು. ಮುಂಜಾನೆ ತೋಟದ ಯಜಮಾನ ಸಫ್ವಾನ್ ನಮ್ಮನ್ನು ಕರೆದು, ಬತ್ತಿದ ನೀರಿನ ತೊಟ್ಟಿಯ ತಳದಲ್ಲಿ ಅಲುಗಾಡದೆ ಬಿದ್ದಿದ್ದ, ಹೆಬ್ಬೆರಳಿನಷ್ಟೂ ಇಲ್ಲದ, ನೀಳಮೂತಿಯ ಪ್ರಾಣಿಯೊಂದನ್ನು ತೋರಿಸಿದ.

“ಖಲಾಸ್,” ಎಂದು ಕೈ ಕೊಡವಿದ.

“ಸತ್ತಿಲ್ಲ,” ಎಂದರು ಮಾಸ್ತರರು. “ಚಳಿ, ಹಸಿವು ಒಟ್ಟಿಗೆ ಬಂದ್ರೆ ಇದು ಹೀಗೇ ತಣ್ಣಗೆ ಮಲಗ್ತದೆ.”

ಬೊಗಸೆಯಲ್ಲಿ ಅದನ್ನೆತ್ತಿ ಕೋಟಿನೊಳಗಿಟ್ಟು ಕುಳಿತರು. ಬಿಸಿಲೇರುವ ಹೊತ್ತಿಗೆ ಅದು ಮೈಯೆಲ್ಲ ಕಂಪಿಸಿ ಕಣ್ತೆರೆಯಿತು. ಸಫ್ವಾನ್ ಕಲ್ಲು ಮಗುಚಿ ತಂದ ಮಿಡತೆಮರಿಯ ಮೇಲೆ ಎರಗಿತು.

“ಡಬ್ಬದಲ್ಲಿ ಹಾಕಿ ಸರ್, ಮಸ್ಕತ್‌ಗೆ ಒಯ್ಯೋಣ. ತೋರಿಸದಿದ್ರೆ ಯಾರು ನಂಬ್ತಾರೆ?” ಎಂದು ನಮ್ಮ ತಿಂಡಿಯ ಡಬ್ಬವನ್ನು ಅವರ ಮುಂದಿಟ್ಟೆ.

ಅವರು ಡಬ್ಬವನ್ನೊಮ್ಮೆ, ಅಂಗೈಯನ್ನೊಮ್ಮೆ ನೋಡಿದರು. ಆಸೆಯಿರಲಿಲ್ಲವೆಂದಲ್ಲ, ಮುಚ್ಚಳವನ್ನು ತೆರೆದೂ ಇದ್ದರು. “ದಾರಿಯಲ್ಲಿ ಸಾಯ್ತದೆ,” ಎಂದರು ಕೊನೆಗೆ.

ಫೋಟೋವನ್ನಾದರೂ ತೆಗೆಯೋಣವೆಂದು ನಾನು ಕಾರಿನಿಂದ ಮೊಬೈಲ್ ತರುವಷ್ಟರಲ್ಲಿ ಅವರ ಬೊಗಸೆ ಖಾಲಿಯಾಗಿತ್ತು.

“ಅದಕ್ಕೆ ಕಾಯ್ಲಿಕ್ಕೆ ಪುರುಸೊತ್ತಿಲ್ಲ ಮಾರಾಯ್ರೆ,” ಎಂದರು.

ಶಾಲೆಯಲ್ಲಿ ಯಾರೂ ನಂಬಲಿಲ್ಲ. ನಾನು ಹೇಳಿದ್ದನ್ನು ಸ್ನೇಹಕ್ಕಾಗಿ ಆಡಿದ ಸುಳ್ಳೆಂದುಕೊಂಡರು. ಮಾಸ್ತರರು ವಾದಕ್ಕಿಳಿಯಲಿಲ್ಲ.

ಕಂಡದ್ದನ್ನು ನಾಲ್ವರಿಗೆ ತೋರಿಸಿದ ಮೇಲೆಯೇ ಕಂಡಂತಾಯಿತೆಂದು ತಿಳಿಯುವವರು ನಾವು ಬಹುಮಂದಿ. ಅವರ ಬಗೆಯವರು ವಿರಳ: ಬಹುಕಾಲ ಅರಸಿದ್ದು ಅಂಗೈಗೆ ಬಂದ ಗಳಿಗೆಯಲ್ಲೂ, ಅದರ ಹಸಿವು ತಮ್ಮ ಹೆಸರಿಗಿಂತ ದೊಡ್ಡದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.