ಇಲ್ಲದ ಬಾಬ್ತು

ಜಕ್ಕೂರಿನ ಕಡೆಯಿಂದ ಎದ್ದ ಪುಟ್ಟ ವಿಮಾನ ತಲೆಯ ಮೇಲೇ ಬಂತು, ಕಿಟಕಿಯ ಗಾಜು ಗಡಗಡ ಅಂದು ಸುಮ್ಮನಾಯಿತು, ಯಾರೋ ಹಾರಲು ಕಲಿಯುತ್ತಿದ್ದಾನೆ, ಕಲಿಯಲಿ, ವೇದವತಿ ಅಂಕಿಯ ಮೇಲೊತ್ತಿದ ಬೆರಳನ್ನು ತೆಗೆಯಲಿಲ್ಲ, ತೆಗೆದರೆ ಸಾಲು ತಪ್ಪುತ್ತದೆ — ಎಂಟು ಸಾವಿರದ ಆರುನೂರ ನಲವತ್ತು, ಪ್ರೊಫೆಸರ್ ಜಯಸಿಂಹ ಪೆನ್ಸಿಲ್ಲಿನಲ್ಲಿ ಬರೆದು ಕಳಿಸಿದ ಅಂಕಿ, ಜೊತೆಗೊಂದು ಚೀಟಿ, ಸಿಬ್ಬಂದಿ ಸೌಲಭ್ಯಕ್ಕೆ ಸಂಬಳದ ಮೇಲೆ ನೂರಕ್ಕೆ ಹತ್ತು ಹಾಕಿ ಟೈಪ್ ಮಾಡಿಸಿಬಿಡಿ, ಇವತ್ತೇ ದೆಹಲಿಗೆ ಹೋಗ್ಬೇಕು. ಇವತ್ತೇ, ಹೌದು, ಅನುದಾನದ ಅರ್ಜಿಯ ಮೇಲೆ ಮಾರ್ಚಿ ಹದಿನೈದರ ಅಂಚೆ ಮುದ್ರೆ ಬೀಳದಿದ್ದರೆ ಕೆರೆಗಳ ಸಂಶೋಧನೆ ಇನ್ನೊಂದು ವರ್ಷ ಮುಂದಕ್ಕೆ, ಅಷ್ಟು ಅವಳಿಗೂ ಗೊತ್ತು, ವಿಶ್ವವಿದ್ಯಾಲಯದ ಲೆಕ್ಕಪತ್ರ ವಿಭಾಗದಲ್ಲಿ ಹದಿನಾರು ವರ್ಷದಿಂದ ಇದೇ ಕೆಲಸ, ಯಾರದೋ ಸಂಶೋಧನೆ, ಯಾರದೋ ಹಣ, ನಡುವೆ ಅವಳ ಬೆರಳು. ಆದರೆ ಈ ಹತ್ತು ಎಲ್ಲಿಂದ ಬಂತು, ಯಾರು ಕೂಡಿಸಿ ನೋಡಿದ ಹತ್ತು, ಹಿಂದಿನ ಕಡತದಲ್ಲಿತ್ತು, ಅದರ ಹಿಂದಿನದರಲ್ಲೂ ಇತ್ತು, ಅಷ್ಟೇ. ಐದು ಜನ, ಎಲ್ಲರ ಸಂಬಳ ಸೇರಿ ತಿಂಗಳಿಗೆ ಎರಡು ಸಾವಿರದ ನಾನೂರು, ಮೂರು ವರ್ಷಕ್ಕೆ ಎಂಬತ್ತಾರು ಸಾವಿರದ ನಾನೂರು — ಈಗ ಒಂದೊಂದೇ ಹಾಕು ವೇದಾ, ಪ್ರಾವಿಡೆಂಟ್ ಫಂಡಿಗೆ ನೂರಕ್ಕೆ ಎಂಟು ಚಿಲ್ಲರೆ, ರಜೆಯ ಸಂಬಳಕ್ಕೆ ಒಂಬತ್ತು, ಔಷಧಿಗೆ ಎರಡು, ಐದು ವರ್ಷ ದುಡಿದವರಿಗೆ ಕೊಡುವ ಗ್ರಾಚ್ಯುಟಿಗೆ ನಾಲ್ಕು ಚಿಲ್ಲರೆ, ಗ್ರಾಚ್ಯುಟಿ ಯಾಕ್ರೀ ಎಂದು ಸೂಪರಿಂಟೆಂಡೆಂಟ್ ಉಪೇಂದ್ರ ಬೆಳಿಗ್ಗೆಯೇ ಕೇಳಿದ್ದರು, ಮೂರು ವರ್ಷದ ಯೋಜನೇಲಿ ಯಾರಿಗ್ರೀ ಐದು ವರ್ಷ ಆಗತ್ತೆ. ಚಿಕ್ಕಮುನಿಯಪ್ಪನಿಗೆ ಆಗಿದೆ. ಹನ್ನೊಂದು ವರ್ಷದಿಂದ ಕೆರೆಯ ಮೇಲೆ ತೆಪ್ಪ ನಡೆಸಿ, ಪ್ರೊಫೆಸರು ತೋರಿಸಿದಲ್ಲೆಲ್ಲ ಸೀಸೆ ಮುಳುಗಿಸಿ ನೀರು ತರುವವನು, ಒಂದು ಯೋಜನೆ ಮುಗಿದ ಮಾರನೆಯ ದಿನ ಇನ್ನೊಂದರಲ್ಲಿ ಹೊಸಬನಾಗಿ ಹೆಬ್ಬೆಟ್ಟು ಒತ್ತುವವನು, ನಾಲ್ಕು ಸಲ ಹೊಸಬನಾದ, ಗಡ್ಡ ಮಾತ್ರ ಹಳತಾಯಿತು. ಯಾವಾಗ್ಲೂ ಇಂಗೇ ಹೊಸಬ್ನೇನಾ ಮೇಡಂ ನಾನು ಕಾಗ್ದದಲ್ಲಿ, ಎಂದು ಕಳೆದ ಸಲ ಕೇಳಿದಾಗ ಅವಳು ಮುದ್ರೆಯ ಮಸಿ ಮುಂದಕ್ಕೆ ತಳ್ಳಿದ್ದಳು.

ಕೂಡಿದರೆ ಇಪ್ಪತ್ತನಾಲ್ಕರ ಹತ್ತಿರ, ನೂರಕ್ಕೆ ಇಪ್ಪತ್ತನಾಲ್ಕು ಅನ್ನು, ಇಪ್ಪತ್ತು ಸಾವಿರದ ಏಳುನೂರ ಮೂವತ್ತಾರು, ಇಷ್ಟಕ್ಕೇ ಮುಗಿಯಲಿಲ್ಲ, ಐವರಲ್ಲಿ ಇಬ್ಬರು ಪ್ರಯೋಗಾಲಯದ ಸಹಾಯಕಿಯರು, ಅವರಿಗೆ ಹೆರಿಗೆ ರಜೆ ಎಂದು ತಲಾ ಮೂರು ತಿಂಗಳ ಸಂಬಳ, ನಾನೂರರಂತೆ ಇಬ್ಬರದೂ ಸೇರಿ ಎರಡು ಸಾವಿರದ ನಾನೂರು, ಇಗೋ ಇಲ್ಲಿ ಕೈ ನಿಂತಿತು. ಮಗಳು ಕೃಷ್ಣವೇಣಿ ಹುಟ್ಟಿದಾಗ ತಾನು ಮೂರು ತಿಂಗಳು ಮನೆಯಲ್ಲಿದ್ದಳು, ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆ, ಬಿಸಿನೀರು, ಬೆಳ್ಳುಳ್ಳಿ ಸಾರು, ಒಂದನೇ ತಾರೀಕು ಗಂಡ ಹೋಗಿ ಅವಳ ಸಂಬಳ ತಂದು ದೇವರ ಮುಂದಿಟ್ಟಿದ್ದರು, ಅದು ಹಕ್ಕು ಎಂದು ಆಗ ಅನ್ನಿಸಿರಲೇ ಇಲ್ಲ, ಗಾಳಿಯ ಹಾಗೆ ಇದ್ದೇ ಇರುತ್ತದೆ ಅನ್ನಿಸಿತ್ತು, ಖಾಯಂ ನೌಕರಿಯಲ್ಲವೆ. ಮುಸರ್ರತ್‌ಗೆ ಇರಲಿಲ್ಲ. ಆರ್.ಟಿ. ನಗರದಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದ, ಹಿಂದಿನ ಯೋಜನೆಯ ಸಹಾಯಕಿ ಮುಸರ್ರತ್, ನೀರಿನ ಒಂದು ಹನಿಯಲ್ಲಿ ಎಷ್ಟು ಜೀವಗಳಿವೆ ಎಂದು ಇಡೀ ದಿನ ಕಣ್ಣು ಕಿರಿದಾಗಿಸಿ ಎಣಿಸುತ್ತಿದ್ದವಳು, ಪ್ರೊಫೆಸರೇ ಹೇಳುತ್ತಿದ್ದರು ಅವಳ ಎಣಿಕೆಯನ್ನು ಮತ್ತೆ ನೋಡುವ ಅಗತ್ಯವಿಲ್ಲ ಎಂದು, ಅವಳು ನಾಲ್ಕು ವರ್ಷದ ಹಿಂದೆ ಗಂಡುಮಗು ಹೆತ್ತಳು, ಯೋಜನೆಯ ಬಜೆಟ್ಟಿನಲ್ಲಿ ಹೆರಿಗೆ ರಜೆಯ ಎದುರು ಒಂದು ಅಡ್ಡಗೆರೆ, ಗೈರುಹಾಜರಿ ಎಂದು ಹೆಸರು ಹೊಡೆದು ಹಾಕಿದರು. ಆ ಅಡ್ಡಗೆರೆ ಯಾರು ಎಳೆದದ್ದು — ಸ್ಕೇಲು ಇಟ್ಟು, ಕೆಂಪು ಮಸಿಯಲ್ಲಿ, ನೇರವಾಗಿ — ತಾನೇ, ಯಾರೂ ಬಲವಂತ ಮಾಡಿರಲಿಲ್ಲ, ಹಿಂದಿನ ಕಡತದಲ್ಲಿ ಹಾಗೇ ಇತ್ತು. ಈ ಸಲ ಎಳೆಯುವುದಿಲ್ಲ. ಒಟ್ಟು ಇಪ್ಪತ್ತಮೂರು ಸಾವಿರದ ನೂರಾ ಮೂವತ್ತಾರು, ಅವರು ಬರೆದದ್ದಕ್ಕಿಂತ ಹದಿನಾಲ್ಕು ಸಾವಿರದ ನಾನೂರ ತೊಂಬತ್ತಾರು ಹೆಚ್ಚು, ದೆಹಲಿಯ ಮಿತಿ ಮೀರುವಂತಿಲ್ಲ, ಎಲ್ಲಿಂದ ತರುವುದು, ಸೂಕ್ಷ್ಮದರ್ಶಕ ಮುಟ್ಟಬಾರದು, ಗಾಜಿನ ಸಾಮಾನು ಮುಟ್ಟಬಾರದು, ಬಾಡಿಗೆ ಜೀಪು ಮೂರು ವರ್ಷಕ್ಕೆ ಹದಿನೈದು ಸಾವಿರ — ಜೀಪು ಯಾಕೆ, ಹೆಬ್ಬಾಳ, ಜಕ್ಕೂರು, ಯಲಹಂಕ, ಮೂರೂ ಕೆರೆಗೆ ಬಸ್ಸು ಹೋಗುತ್ತದೆ, ಬಸ್ ಚಾರ್ಜಿಗೆ ಐನೂರು ಇಟ್ಟರೆ ಹದಿನಾಲ್ಕು ಸಾವಿರದ ಐನೂರು ಉಳಿಯಿತು, ನಾಲ್ಕು ರೂಪಾಯಿ ಮಿಕ್ಕಿತು. ಎರಡು ಸಲ ಕೂಡಿಸಿದಳು. ನಾಲ್ಕೇ.

ಟೈಪ್ ಆದ ಹಾಳೆಗಳನ್ನು ತಾನೇ ಹಿಡಿದು ಪ್ರಾಣಿಶಾಸ್ತ್ರ ವಿಭಾಗದ ಮೆಟ್ಟಿಲು ಹತ್ತಿದಳು, ಒಳಗೆ ಜಯಸಿಂಹ ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದಾರೆ, ಒಳ್ಳೆಯ ಮನುಷ್ಯ, ಹುಡುಗರಿಗೆ ಮನೆಯ ಪುಸ್ತಕ ಕೊಡುವವರು, ಅದೇ ಕಷ್ಟ, ಕೆಟ್ಟವರಾದರೆ ಸುಲಭವಿತ್ತು. ಮೂರನೆಯ ಹಾಳೆಯಲ್ಲಿ ಅವರ ಕಣ್ಣು ನಿಂತಿತು. ಏನ್ರೀ ಇದು ವೇದವತಿ, ಜೀಪ್ ಎಲ್ಲಿ ಹೋಯ್ತು. ಅವಳು ಹೇಳಿದಳು, ಪ್ರಾವಿಡೆಂಟ್ ಫಂಡಿನಿಂದ ಹೆರಿಗೆ ರಜೆಯವರೆಗೆ, ಬಾಬ್ತು ಬಾಬ್ತಾಗಿ. ಅವರು ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದರು. ಈ ಬಿಸಿಲಲ್ಲಿ ನಾನು ಬಸ್ಸಲ್ಲಿ ಕೆರೆಗೆ ಹೋಗ್ಲಾ, ದೆಹಲಿಯೋರು ಕೇಳ್ತಾರೆ ಕಣ್ರೀ, ಬೇರೆ ಎಲ್ಲರದೂ ಹತ್ತು, ನಿಮ್ಮದು ಮಾತ್ರ ಯಾಕಿಷ್ಟು ಅಂತ. ಕೇಳ್ಲಿ ಸಾರ್, ಉತ್ತರ ನಾನೇ ಬರೀತೀನಿ, ಹತ್ತು ಅಂತ ಬರೆದ್ರೆ ಸುಳ್ಳು ಬರೆದ ಹಾಗೆ, ಖರ್ಚು ಬಂದಾಗ ಯಾರದೋ ಹೆಸರು ಹೊಡೀಬೇಕಾಗತ್ತೆ. ಯಾರದು ಹೊಡೆದಿದೀವ್ರೀ ನಾವು, ಎಂದರು ಅವರು, ನಿಜವಾಗಿ ತಿಳಿಯದೆ. ಮುಸರ್ರತ್‌ದು ಸಾರ್. ಅವರ ಹುಬ್ಬು ಮೇಲೇರಿತು, ಅವಳು ಮದುವೆಯಾದ್ಮೇಲೆ ಬಿಟ್ಟುಹೋದಳಲ್ಲ, ನಂಗೆ ಹಾಗೇ ಹೇಳಿದ್ರಲ್ಲ. ಬಿಡಲಿಲ್ಲ ಸಾರ್, ನಾವು ಬಿಡಿಸಿದ್ವಿ, ರಜೆಗೆ ದುಡ್ಡಿಟ್ಟಿರ್ಲಿಲ್ಲ, ಆ ಗೆರೆ ಎಳೆದೋಳು ನಾನೇ. ಫ್ಯಾನು ತಿರುಗುತ್ತಿತ್ತು, ಕಪಾಟಿನಲ್ಲಿ ಸಾಲು ಸೀಸೆಗಳು, ನಾಲ್ಕೈದು ವರ್ಷ ಹಳೆಯ ಕೆರೆಯ ನೀರು, ಪ್ರತಿಯೊಂದಕ್ಕೂ ಚೀಟಿ, ಕೆಲವು ಚೀಟಿಗಳ ದುಂಡು ಅಕ್ಷರ ಮುಸರ್ರತ್‌ದೇ, ಅವರು ಅತ್ತ ನೋಡುತ್ತಿದ್ದರೋ ಇಲ್ಲವೋ, ನಾಲ್ಕು ಗಂಟೆಗೆ ಅಂಚೆ ಕಚೇರಿಯ ರಿಜಿಸ್ಟರ್ ಕೌಂಟರು ಮುಚ್ಚುತ್ತದೆ, ಈಗ ಎರಡೂವರೆ, ಸಹಿ ಹಾಕದಿದ್ದರೆ ಏನು ಮಾಡುವುದು, ಹಾಕುವವರೆಗೆ ಇಲ್ಲೇ ನಿಲ್ಲುವುದು, ಬೇರೇನು. ನನ್ನನ್ನ ಯಾಕ್ರೀ ಕೇಳ್ಲಿಲ್ಲ ಆಗ, ಎಂದರು, ಮತ್ತೆ ತಾವೇ ತಲೆ ಅಲ್ಲಾಡಿಸಿ, ನಾನೂ ಕೇಳ್ಬೇಕಿತ್ತು ಎಂದು, ಪುಟಪುಟಕ್ಕೂ ಸಹಿ ಹಾಕಿದರು, ಜೀಪಿನ ಪುಟದಲ್ಲಿ ಕೈ ಸ್ವಲ್ಪ ತಡೆದು ಹಾಕಿತು, ಹಾಕಿತು.

ಯಶವಂತಪುರದ ಬಸ್ಸಿನಲ್ಲಿ ಲಕೋಟೆಯನ್ನು ಮಡಿಲಲ್ಲಿಟ್ಟು ಎರಡೂ ಕೈ ಮೇಲಿಟ್ಟಿದ್ದಾಳೆ, ಮೂರು ಐವತ್ತಕ್ಕೆ ಕೌಂಟರಿನವನು ತೂಕ ಹಾಕಿ, ಅಂಟು ಹಚ್ಚಿ, ದಪ್ಪಗೆ ಮುದ್ರೆ ಒತ್ತಿದ, ಹದಿನೈದು ಮಾರ್ಚಿ ಎಪ್ಪತ್ತೊಂಬತ್ತು, ಆಯಿತು, ರಸೀದಿ ಮಡಚಿ ಪರ್ಸಿಗೆ ಹಾಕಿದಳು, ದೆಹಲಿಯವರು ಒಪ್ಪಬಹುದು, ಒಪ್ಪದಿದ್ದರೆ ಇನ್ನೊಂದು ಕಾಗದ, ಮತ್ತೊಂದು, ಬರೆಯಲು ತನಗೇನು ಬೇಜಾರು, ಹುದ್ದೆಗಳ ಜಾಹೀರಾತು ಬರುವ ದಿನ ತಾನೇ ಆರ್.ಟಿ. ನಗರಕ್ಕೆ ಹೋಗಿ ಮುಸರ್ರತ್‌ಗೆ ಹೇಳಬೇಕು, ಮನೆ ಹುಡುಕಬೇಕು, ಬಾಗಿಲು ತೆಗೆದವಳು ಮುಖ ನೋಡಿ ಮತ್ತೆ ಹಾಕಿಕೊಂಡರೆ ಹೊರಗೇ ನಿಂತು ಹೇಳಬೇಕು — ನಾಲ್ಕು ವರ್ಷದಿಂದ, ಅನ್ನ ಬಸಿಯುವಾಗ, ಮಗಳ ಜಡೆ ಹೆಣೆಯುವಾಗ, ಕಡತದ ದಾರ ಬಿಗಿಯುವಾಗ, ಯಾವಾಗೆಂದರೆ ಆಗ ಕಣ್ಣ ಮುಂದೆ ಬಂದು ನಿಲ್ಲುತ್ತಾಳಲ್ಲ ಅವಳು, ಹೆತ್ತು ಇಪ್ಪತ್ತೆರಡೇ ದಿನಕ್ಕೆ, ಕೆಲಸ ಹೋಗುತ್ತದೆಂದು ಓಡಿಬಂದವಳು, ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಬಂದಿದೀನಿ ಮೇಡಂ, ನಾಳೆಯಿಂದ ಬರ್ಲಾ ಎಂದು ಕೇಳಿದವಳು, ಹೆಸರು ಹೊಡೆದಾಯ್ತು, ರಜೆಗೆ ಬಾಬ್ತು ಇಲ್ಲಮ್ಮ ಎಂದು ತಾನು ತಲೆ ಎತ್ತಿದಾಗ, ಹಳದಿ ರವಿಕೆಯ ಎದೆಯ ಮೇಲೆ ಹಾಲು ಇಳಿದು ಹರಡುತ್ತಿದ್ದ ಎರಡು ಒದ್ದೆ ಗುರುತು, ಅವಳು ಸೆರಗು ಎಳೆದುಕೊಂಡಳು, ಸೆರಗಿನ ಮೇಲೂ ಮೂಡಿತು, ಎರಡು ಒದ್ದೆ ಗುರುತು.