ಷಾ ತಿಂದ ಮೇಲೆ ನೆಗೆದ ರಾಜ

ಮಾರಿಕಣಿವೆ ಅಣೆಕಟ್ಟಿನ ನೀರನ್ನೆಲ್ಲ ನಾನು ಒಮ್ಮೆ ಚದುರಂಗದಲ್ಲಿ ಗೆದ್ದುಕೊಂಡಿದ್ದೆ. ಹಿರಿಯೂರಿನ ಇಂಜಿನಿಯರೊಬ್ಬ ಪಣಕ್ಕಿಟ್ಟು ಸೋತ. ನೀರನ್ನು ಹೊಸದುರ್ಗಕ್ಕೆ ತಂದು ನಮ್ಮ ಕೊಬ್ಬರಿ ಮಂಡಿಯ ಹಿತ್ತಿಲಲ್ಲಿ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಬಬ್ಬೂರು ಫಾರಂನವರು ಪೈರು ಒಣಗುತ್ತಿದೆ ಎಂದು ಕೈಮುಗಿದುಕೊಂಡು ಬಂದರು. ಪಾಪ ಅನ್ನಿಸಿ ಮೀನು ಎಣಿಸಿ ವಾಪಸು ಬಿಟ್ಟೆ.

"ಮೀನು ಯಾಕೆ ಎಣಿಸಿದ್ರಿ ಸಾವ್ಕಾರ್ರೆ?" ಎಂದ ಏಕಾಂತಪ್ಪ.

"ನಾಳೆ ಒಂದು ಕಮ್ಮಿ ಐತೆ ಅಂತ ಬರ್ತಾರಪ್ಪ. ಹಿರಿಯೂರಿನೋರನ್ನ ನೀನು ಕಂಡಿಲ್ಲ."

ಏಕಾಂತಪ್ಪ ಹೊಳಲ್ಕೆರೆಯವನು. ಕೊಬ್ಬರಿ ಕೊಳ್ಳಲು ಬಂದಿದ್ದ, ಲಾರಿ ಬಂದಿರಲಿಲ್ಲ. ಮಂಡಿಯ ಮುಂದಿನ ಜಗುಲಿಯಲ್ಲಿ ನನ್ನ ಎದುರಿಗೆ ಕುಳಿತಿದ್ದ. ಈ ಜಗುಲಿಯ ಬಗ್ಗೆ ಹೇಳಲೇಬೇಕು. ಇದರ ಚಪ್ಪಡಿಯಲ್ಲೇ ನಮ್ಮ ತಾತ ಚದುರಂಗದ ಮನೆಗಳನ್ನು ಕೊರೆಸಿದ್ದ. ಇಲ್ಲಿ ಸೋತವನು ಎದ್ದು, ತನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಬಸ್ ಸ್ಟ್ಯಾಂಡಿನವರೆಗೆ ಬರಿಗಾಲಲ್ಲಿ ನಡೆಯಬೇಕು. ಅದು ತಾತನ ಕಾಲದ ಪದ್ಧತಿ. ನನ್ನ ಕಾಲದಲ್ಲಿ ನಡೆದವರ ಪಾದ ಉಜ್ಜಿ ನುಣುಪಾದ ಆ ರಸ್ತೆಗೆ ಡಾಂಬರೇ ಬೇಡವಾಗಿತ್ತು. ನಾನು, ಮುರುಗಪ್ಪ, ಒಮ್ಮೆಯೂ ನಡೆದವನಲ್ಲ.

"ಆ ಚಾಂಪಿಯನ್ ಹೆಣ್ಣುಮಗಳ ಹತ್ರ ಸೋತ್ರಿ ಅಂತ ಹೊಳಲ್ಕೆರೆಯಾಗೆ ಮಾತು ಐತೆ" ಎಂದ ಏಕಾಂತಪ್ಪ, ಬೀಡಿ ಹಚ್ಚುತ್ತ.

"ಹೊಳಲ್ಕೆರೆಯಾಗೆ ಏನು ಬೇಕಾದ್ರೂ ಅಂತಾರೆ. ಕುಂತ್ಕ, ನಡೆದದ್ದು ಹೇಳ್ತೀನಿ."

ಅವಳ ಹೆಸರು ಚಿತ್ತಮ್ಮ. ಮಾಡದಕೆರೆಯ ಕಡೆಯ ಹಟ್ಟಿಯವಳು, ಕುರಿ ಸಾಕುವ ಕಾಟಯ್ಯನ ಮಗಳು. ಲಂಗ ಉಟ್ಟ ವಯಸ್ಸಿನಲ್ಲಿ ಅಪ್ಪನ ಜೊತೆ ಸಂತೆಗೆ ಬರುತ್ತಿದ್ದಳು. ಅಪ್ಪ ಕುರಿ ಮಾರುವಷ್ಟು ಹೊತ್ತೂ ಜಗುಲಿಯ ಕೆಳಗೆ ನಿಂತು ನಮ್ಮ ಆಟ ನೋಡುತ್ತಿದ್ದಳು. ಒಂದು ಸಂತೆ ದಿನ, ನಾನು ಕಾಯಿ ಎತ್ತಿದಾಗ, "ಆ ಒಂಟೆ ತೆಗೆದ್ರೆ ನಿಮ್ಮ ಮಂತ್ರಿ ಹೋಗ್ತಾನೆ" ಎಂದುಬಿಟ್ಟಳು.

ಮಂತ್ರಿ ಹೋದ. ಜನ ನಕ್ಕರು. ನನ್ನ ಮೈ ಹೇಗೆ ಉರಿಯಿತೆಂದರೆ ಮಂಡಿಯ ಕೊಬ್ಬರಿಯೆಲ್ಲ ಒಲೆಯಿಲ್ಲದೆ ಎಣ್ಣೆ ಬಿಟ್ಟಿತು.

"ಬಾರೇ, ಅಷ್ಟು ಬಾಯಿ ಇದ್ರೆ ಕುಂತು ಆಡು" ಎಂದೆ. ಕುಳಿತಳು. ಆಡಿದೆವು. ಕೊನೆಗೆ ನನ್ನ ರಾಜ ಕುದುರೆಯ ಹಾಗೆ ನೆಗೆದು ಪಾರಾದ, ಅವಳು ಸೋತಳು. ನಮ್ಮ ಜಗುಲಿಯ ಆಟವೇ ಹಾಗೆ, ಶಾಲೆಯ ಚೆಸ್ಸಲ್ಲ. ಇಲ್ಲಿ ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆ ನೆಗೆತ ನೆಗೆಯಬಹುದು.

ಏಕಾಂತಪ್ಪ ಹೊಗೆ ಬಿಟ್ಟು, "ನಮ್ಮಾಗೂ ಅದೇ ಆಟ. ಆದ್ರೆ ಒಂದ್ಸಲ ರಾಜನ ಮ್ಯಾಲೆ ಗುರಿ ಇಟ್ಟು ಷಾ ಅಂದ್ರೆ ಮುಗೀತು, ಆಮ್ಯಾಲೆ ನೆಗೆಯಂಗಿಲ್ಲ. ಆ ಹುಡುಗಿ ಷಾ ಕೊಟ್ಟಿರ್ಲಿಲ್ವಾ?" ಎಂದ.

"ಗದ್ದಲದಾಗೆ ಯಾರಿಗೆ ನೆನಪೈತೆ? ನೀನು ಮುಂದೆ ಕೇಳು."

ಸೋತವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಪದ್ಧತಿ ಬಿಡಲಾದೀತೇ? ನನ್ನ ಚಪ್ಪಲಿಯನ್ನೇ ಅವಳ ಕೈಗೆ ಕೊಟ್ಟೆ. ಬಸ್ ಸ್ಟ್ಯಾಂಡಿನವರೆಗೆ ಹೊತ್ತಳು. ಅವಳ ಅಪ್ಪ ಕಾಟಯ್ಯ ಕುರಿಯ ಹಗ್ಗ ಹಿಡಿದುಕೊಂಡು ಹಿಂದೆ ನಡೆದ. ಅವಳು ಅಳಲಿಲ್ಲ. ತಿರುಗಿ ಒಮ್ಮೆ ಜಗುಲಿಯನ್ನು ನೋಡಿದಳು, ಅಷ್ಟೇ.

ಆಮೇಲೆ ದುರ್ಗದ ಹಾಸ್ಟೆಲಿನಲ್ಲಿ ಓದಿದಳಂತೆ, ಟೀಚರಾದಳಂತೆ, ಬೆಂಗಳೂರಿಗೆ ಹೋಗಿ ಹೆಂಗಸರಲ್ಲಿ ರಾಜ್ಯಕ್ಕೇ ಚಾಂಪಿಯನ್ ಆದಳಂತೆ. ಅಂತೆ ಯಾಕೆಂದರೆ ಪೇಪರಿನಲ್ಲಿ ಬಂದ ಅವಳ ಫೋಟೋವನ್ನು ನಾನು ನೋಡಲಿಲ್ಲ, ಅದರಲ್ಲಿ ಬೆಲ್ಲ ಕಟ್ಟಿಸಿದೆ. ಹೋದ ವರ್ಷ, ಎಪ್ಪತ್ತೇಳರಲ್ಲಿ, ಹಿರಿಯೂರು, ಹೊಳಲ್ಕೆರೆ ಎಂದು ಊರೂರು ತಿರುಗಿ ಮಕ್ಕಳಿಗೆ ಆಟ ಕಲಿಸುತ್ತ ನಮ್ಮೂರಿಗೂ ಬಂದಳು. ಇಲ್ಲಿಯ ಒಂದು ಶಾಲೆಯ ಸಮಿತಿಯಲ್ಲಿ ನಾನಿದ್ದೆ. "ಚದುರಂಗ ಆಡೋ ಹೆಣ್ಣುಮಕ್ಕಳು ಗಂಡನ ಮನೆಯಾಗೂ ಷಾ ಅಂತಾರೆ" ಎಂದು ಹೇಳಿ ರೂಮು ಕೊಡದ ಹಾಗೆ ಮಾಡಿದೆ.

ಮಾರನೆಯ ದಿನ ಅವಳು ಒಂದು ಹಿಂಡು ಹುಡುಗಿಯರನ್ನು ಕಟ್ಟಿಕೊಂಡು ಈ ಜಗುಲಿಯ ಮುಂದೆ ನಿಂತಳು.

"ಗುರ್ತು ಸಿಕ್ತಾ ಸಾವ್ಕಾರ್ರೆ?"

"ಸಿಗದೆ ಏನವ್ವ. ಕಾಟಯ್ಯನ ಮಗಳಲ್ವಾ? ಚಪ್ಪಲಿ ಚೆನ್ನಾಗಿ ಹೊತ್ತಿದ್ದೆ."

ಮಂಡಿಯ ಹಮಾಲಿಗಳೆಲ್ಲ ನಕ್ಕರು. ಅವಳೂ ನಕ್ಕಳು. "ಅದಕ್ಕೇ ಬಂದೀನಿ. ಆವತ್ತಿಂದ ಆ ಚಪ್ಪಲಿ ಕೈಯಾಗೇ ಐತೆ ಅನ್ನಿಸ್ತದೆ. ಎಲ್ಲಿಂದ ತಗಂಡ್ನೋ ಅಲ್ಲೇ ಇಳಿಸಿ ಹೋಗಾಣ ಅಂತ."

ಅವಳ ಷರತ್ತು ನೇರವಾಗಿತ್ತು. ನಾನು ಗೆದ್ದರೆ ಅವಳು ಮತ್ತೊಮ್ಮೆ ನನ್ನ ಚಪ್ಪಲಿ ಹೊತ್ತು ಹೋಗುವುದು, ಈ ತಾಲ್ಲೂಕಿನಲ್ಲಿ ಯಾವ ಮಗುವಿಗೂ ಆಟ ಕಲಿಸದಿರುವುದು. ಅವಳು ಗೆದ್ದರೆ ಶಾಲೆ ಬಿಟ್ಟ ಮೇಲೆ ದಿನಾ ಈ ಜಗುಲಿ ಆ ಹುಡುಗಿಯರದು, ನಾನು ಎದ್ದು ಹೋಗುವುದು.

"ಜಗುಲಿ ನಿಮ್ದು, ಕಾಯಿ ನಿಮ್ದು, ಕಾನೂನೂ ನಿಮ್ದೇ ಇರ್ಲಿ" ಎಂದಳು. "ಆದ್ರೆ ಎಲ್ಲಾರ ಮುಂದೆ ಈಗ್ಲೇ ಹೇಳಿಬಿಡ್ರಿ. ರಾಜ ಯಾವಾಗ ನೆಗೀಬೋದು?"

ಹಮಾಲಿ ಓಬಯ್ಯ ನನ್ನ ಮುಖ ನೋಡಿದ. ಆ ಸಂತೆಯ ದಿನ ಅವನೂ ಇಲ್ಲೇ ನಿಂತಿದ್ದವನು. ನಾನು ಗಂಟಲು ಸರಿಮಾಡಿಕೊಂಡು, "ಯಾವಾಗ ಬೇಕಾದ್ರೂ. ಷಾ ತಿಂದಿದ್ರೂ ಸರಿ, ತಿನ್ನದಿದ್ರೂ ಸರಿ. ಒಂದ್ಸಲ" ಎಂದೆ.

"ಇಬ್ಬರ ರಾಜನಿಗೂ?"

"ಇಬ್ಬರಿಗೂ."

"ಕೇಳಿಸ್ಕಂಡ್ರೇನ್ರಿ ಎಲ್ಲಾರೂ" ಎಂದು ಅವಳು ಸೆರಗು ಬಿಗಿದು ಕುಳಿತಳು.

ಎಂಥ ಆಟ ಆಡಿದೆ ಅನ್ನುತ್ತೀರಿ! ನನ್ನ ಆನೆ ಘೀಳಿಟ್ಟದ್ದಕ್ಕೆ ತಾಲ್ಲೂಕು ಆಫೀಸಿನ ಗುಮಾಸ್ತರು ಮೇಜಿನ ಕೆಳಗೆ ಸೇರಿಕೊಂಡರು. ಅವಳು ಮೊದಮೊದಲು ನನ್ನ ರಾಜನಿಗೆ ಷಾ ಕೊಟ್ಟಳು, ನಾನು ಬೇಕೆಂದೇ ಠೀವಿಯಿಂದ ನೆಗೆದು ತೋರಿಸಿದೆ. ಆಮೇಲೆ ಅವಳ ರಾಜ ಹೆದರಿ ಬಯಲಿಗೆ ಬಂದ. ನನ್ನ ಸೈನ್ಯವನ್ನೆಲ್ಲ ಅವನ ಬೇಟೆಗೆ ಕಳಿಸಿದೆ. ಓಡಿಸಿದೆ, ಸುತ್ತುಗಟ್ಟಿದೆ. ಕೊನೆಗೆ ಹೀಗೆ, ನೋಡು ಏಕಾಂತಪ್ಪ, ಎಂದು ಚಪ್ಪಡಿಯ ಮೇಲೆ ಕಾಯಿಗಳನ್ನು ಅದೇ ರೀತಿ ಜೋಡಿಸಿ ತೋರಿಸಿದೆ. ಇಲ್ಲಿ ಅವಳ ರಾಜ, ನಟ್ಟನಡುವೆ. ಇಲ್ಲಿ ನನ್ನ ಮಂತ್ರಿ, ಷಾ. ಕದಲಲು ಒಂದು ಮನೆಯೂ ಇಲ್ಲ.

"ನಾನು ಎದ್ದು ನಿಂತೆ. ಕಾಲಿನ ಬೆರಳಲ್ಲೇ ಚಪ್ಪಲಿಯನ್ನ ಅವಳ ಕಡೆ ನೂಕಿದೆ. ಹೊತ್ಕ ಅಂದೆ."

"ಆಮ್ಯಾಲೆ?"

"ಆಮ್ಯಾಲೆ ಇನ್ನೇನು? ಹೊತ್ಕಂಡು ಹೋದ್ಲು. ಬಸ್ ಹತ್ತೋ ತನಕ ಸೆರಗಿನಾಗೆ ಮುಖ ಮುಚ್ಕಂಡಿದ್ಲು. ಸೇಡು ಅಂದ್ರೆ ಮುರುಗಪ್ಪನ್ದು, ಎರಡು ತಲೆಮಾರು ಮರೀಬಾರ್ದು."

ಏಕಾಂತಪ್ಪ ತಲೆದೂಗಿದ. ಅಷ್ಟರಲ್ಲಿ ಶಾಲೆ ಬಿಡುವ ಗಂಟೆ ಹೊಡೆಯಿತು. ನಾನು ಅವನನ್ನು ಚಹಾಕ್ಕೆ ಎಬ್ಬಿಸೋಣವೆಂದುಕೊಂಡೆ. ಆದರೆ ಆ ಮಕ್ಕಳ ಕಾಲು ನನ್ನ ನಾಲಿಗೆಗಿಂತ ಚುರುಕು. ಎರಡು ಜಡೆಯ ನಿಂಗಕ್ಕ ಮುಂದೆ, ಮಿಕ್ಕವರು ಹಿಂದೆ, ಜಗುಲಿ ಹತ್ತಿಯೇಬಿಟ್ಟರು.

"ಅಜ್ಜ, ಏಳ್ರಿ. ನಮ್ಮ ಹೊತ್ತಾತು."

"ಯಾರ ಹೊತ್ತು?" ಎಂದ ಏಕಾಂತಪ್ಪ.

ನಿಂಗಕ್ಕ ಚಪ್ಪಡಿಯ ಮೇಲಿನ ಕಾಯಿಗಳನ್ನು ನೋಡುತ್ತ ಚೀಲ ಇಳಿಸಿದಳು. "ಇದು ನಮ್ಮ ಚಿತ್ತಕ್ಕನ ಆಟ. ಅಜ್ಜ ಇಲ್ಲಿಗೇ ನಿಲ್ಲಿಸಿದ್ರಾ?"

"ಅಲ್ಲಿಗೇ ಮುಗೀತಂತಲ್ಲ?"

"ಇನ್ನೊಂದು ನಡೆ ಐತ್ರಿ." ಎರಡು ಬೆರಳಲ್ಲಿ ಚಿತ್ತಮ್ಮನ ರಾಜನನ್ನು ಎತ್ತಿ, ಕುದುರೆಯ ಹಾಗೆ ನೆಗೆಸಿ, ಪಕ್ಕಕ್ಕೆ ಇಟ್ಟಳು. ಅವನು ನಿಂತಿದ್ದ ಮನೆಯ ಹಿಂದೆ, ಅದೇ ಸಾಲಿನ ತುದಿಯಲ್ಲಿ, ಚಿತ್ತಮ್ಮನ ಆನೆ ನಿಂತಿತ್ತು. ಅದರ ಎದುರಿಗೆ, ನಡುವೆ ಏನೇನೂ ಇಲ್ಲದೆ, ನನ್ನ ರಾಜ. ಅವನಿಗೆ ಕದಲಲು ಮನೆಯಿಲ್ಲ, ಬೇಟೆಗೆ ಹೋದ ಸೈನ್ಯದಲ್ಲಿ ಅಡ್ಡ ನಿಲ್ಲಲು ಒಂದು ಕಾಯಿಯೂ ಇಲ್ಲ.

ಏಕಾಂತಪ್ಪ ಬಹಳ ಹೊತ್ತು ನೋಡಿದ. ಬೀಡಿ ಆರಿಹೋಗಿತ್ತು. "ನಿಮ್ಮ ರಾಜನ್ನೂ ನೆಗೆಸಬೇಕಾಗಿತ್ತು ಸಾವ್ಕಾರ್ರೆ" ಎಂದ ಮೆಲ್ಲಗೆ. ಆಮೇಲೆ ತಾನೇ, "ಓ, ಆಗ್ಲೇ ನೆಗೆದುಬಿಟ್ಟಿದ್ರಿ" ಎಂದ.

ಇನ್ನು ಮುಚ್ಚಿಡುವುದೇನು. ನಿಜ ಇಷ್ಟು: ಆ ಸಂತೆಯ ದಿನ ಅವಳು ಷಾ ಕೊಟ್ಟಿದ್ದಳು, ನಾನು ಆಮೇಲೆ ನೆಗೆದಿದ್ದೆ. "ಷಾ ತಿಂದ ಮ್ಯಾಲೆ ನೆಗೆತ ಇಲ್ಲ" ಎಂದು ಅವಳು ಹೇಳಿದಾಗ, "ನಿಮ್ಮ ಹಟ್ಟಿಯಾಗೆ ಇಲ್ದಿರಬೋದು, ನನ್ನ ಜಗುಲಿ ಮ್ಯಾಲೆ ಐತೆ" ಎಂದಿದ್ದೆ. ಹೋದ ವರ್ಷದ ಆಟದಲ್ಲಿ ಅವಳ ರಾಜನಿಗೂ ನೆಗೆತ ಉಂಟೆಂಬುದೇ ನನಗೆ ಮರೆತುಹೋಯಿತು. ಈ ಜಗುಲಿಯಲ್ಲಿ ಹಾಗೆ ನೆಗೆಯುವುದು ನನ್ನ ರಾಜ ಒಬ್ಬನೇ ಎಂದು ಅಷ್ಟು ರೂಢಿಯಾಗಿತ್ತು. ನಾನು ಚಪ್ಪಲಿ ನೂಕಿ ನಿಂತಿದ್ದಾಗಲೇ ಅವಳು ರಾಜನನ್ನು ನೆಗೆಸಿ, "ಷಾ ತಿಂದ ಮ್ಯಾಲೇ ನೆಗೆದೀನಿ ಸಾವ್ಕಾರ್ರೆ. ನಿಮ್ಮ ಜಗುಲಿ ಮ್ಯಾಲೆ ಐತಲ್ಲ" ಎಂದಳು. ಆಮೇಲೆ ಬಗ್ಗಿ ನನ್ನ ಚಪ್ಪಲಿಯನ್ನು ನನ್ನ ಕಡೆಗೇ ತಿರುಗಿಸಿ ಇಟ್ಟಳು. ಓಬಯ್ಯನಾದರೂ ಬೇರೆ ಕಡೆ ನೋಡಬಹುದಿತ್ತು. ನೋಡಲಿಲ್ಲ.

"ಹೊತ್ತದ್ದು ನಾನಪ್ಪ" ಎಂದೆ. "ಬಸ್ ಸ್ಟ್ಯಾಂಡಿನ ತನಕ. ಅವ್ಳು ಕಾಟಯ್ಯನ್ನೂ ಕರ್ಕಂಡು ಬಂದಿದ್ಲು. ಅವ್ನು ನನ್ನ ಹಿಂದೆ ನಡೆದ, ಅದೇ ಆವತ್ತಿನಂಗೆ."

"ಇನ್ನೊಂದು ಆಟ ಕೇಳ್ಬೇಕಾಗಿತ್ತು."

"ಕೇಳ್ದೆ. ತಿಂಗಳು ತಿಂಗಳು ಮಕ್ಕಳಿಗೆ ಕಲಿಸಾಕೆ ಬರ್ತಾಳೆ, ಪ್ರತಿ ಸಲಾನೂ ಕೇಳ್ತೀನಿ. ಮೊದ್ಲು ಈ ಹುಡುಗೇರಾಗೆ ಒಬ್ಬಳನ್ನ ಗೆಲ್ರಿ, ಆಮ್ಯಾಲೆ ನನ್ನ ಹತ್ರ ಬರ್ರಿ ಅಂತಾಳೆ."

"ಒಬ್ಬಳನ್ನಾದ್ರೂ ಗೆದ್ರಾ?"

ನಾನು ಬಾಯಿ ತೆರೆಯುವ ಮೊದಲೇ ನಿಂಗಕ್ಕ ಕಾಯಿ ಜೋಡಿಸುತ್ತ, "ಅಜ್ಜ ಇನ್ನೂ ಕಲೀತಾ ಅವ್ರೆ" ಎಂದಳು. ನಿನ್ನೆಯೂ ಅವಳ ಹತ್ತಿರವೇ ಸೋತಿದ್ದೆ.

ಏಕಾಂತಪ್ಪ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನಾನು ಜಗುಲಿ ಇಳಿದು, ಬಗ್ಗಿ, ಇವತ್ತು ಆಡದಿದ್ದರೂ ಚಪ್ಪಲಿಗಳನ್ನು ಕೈಗೆ ತೆಗೆದುಕೊಂಡೆ.

"ಸಾವ್ಕಾರ್ರೆ, ಮತ್ತೆ ಆ ಮಾರಿಕಣಿವೆ ನೀರು?" ಎಂದು ಅವನು ಮೇಲಿನಿಂದ ಕೇಳಿದ.

"ಅಲ್ಲೇ ಐತೆ" ಎಂದೆ. "ನಾನು ಇನ್ನೂ ನೋಡೇ ಇಲ್ಲ."