ಮೈಕಿಗಿಂತ ಮೊದಲೇ ಬಂದ ನಗು

ನಾನು ಒಂದು ಹದಿನಾರು ಎಂ.ಎಂ. ಪ್ರೊಜೆಕ್ಟರ್. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಯೊಳಗೆ ದೀಪ ಕೂರಿಸಿದವನು ಮುಚ್ಚಳವನ್ನು ಮತ್ತೆ ಮತ್ತೆ ತೆಗೆದು ನೋಡಿದ. ಯಾರನ್ನೂ ಒಂದೇ ಮಾತಿಗೆ ನಂಬದ ಗುಣ ನನಗೆ ಅವನಿಂದಲೇ ಬಂದಿರಬೇಕು.

ಮೊದಲು ಕುಟುಂಬ ಯೋಜನೆಯವರ ಕೈಯಲ್ಲಿದ್ದೆ. ಊರೂರು ಸುತ್ತಿ ಚಿಕ್ಕ ಸಂಸಾರದ ಚಿತ್ರ ತೋರಿಸುತ್ತಿದ್ದೆ. ಗಂಡಸರು ಎದುರಿಗೆ ಕೂತು ನಗುತ್ತಿದ್ದರು, ಹೆಂಗಸರು ಕಂಬದ ಮರೆಯಲ್ಲಿ ನಿಲ್ಲುತ್ತಿದ್ದರು. ಯಾರಿಗೆ ಏನು ತಿಳಿಯಿತೋ! ಬೆಳಕು ಹಾಯಿಸುವವರಿಗೆ ಜನರ ಬೆನ್ನಷ್ಟೇ ಕಾಣುತ್ತದೆ.

ಆಮೇಲೆ ಹರಾಜಿನಲ್ಲಿ ಗದಗಿನ ಫಿಲ್ಮ್ ಸೊಸೈಟಿಗೆ ಬಂದೆ. ಅದರ ಕಾರ್ಯದರ್ಶಿ ವಿರೂಪಾಕ್ಷ ಹಂಚಿನಾಳ, ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರರು. ಪ್ರದರ್ಶನವಿಲ್ಲದ ದಿನ ಅವರ ಮನೆಯ ಪಡಸಾಲೆಯಲ್ಲಿರುತ್ತಿದ್ದೆ. ಅವರ ಹೆಂಡತಿ ಪ್ರಮೀಳಾಬಾಯಿ ಮಧ್ಯಾಹ್ನದ ಪಾತ್ರೆ ಬೋರಲು ಹಾಕಿ, ಕನ್ನಡಿ ನೋಡಿಕೊಂಡು, ಬೀಗ ಹಾಕಿ ಹೊರಡುತ್ತಿದ್ದರು. ಗಂಡ ಬರುವ ಮೊದಲೇ ಮರಳುತ್ತಿದ್ದರು, ತಮ್ಮಷ್ಟಕ್ಕೆ ತುಟಿ ಆಡಿಸುತ್ತಾ. ನನಗೆ ಸಂಶಯ ಬಂತು. ಪಕ್ಕದ ಮನೆಯವರು ಹೇಳಿ ಮಾಸ್ತರರಿಗೂ ಬಂತು.

"ದಿನಾ ಮಧ್ಯಾಹ್ನ ಎಲ್ಲಿ ಹೋಗ್ತಿ?"

"ಗುಡಿಗೆರೀ."

"ಮಧ್ಯಾಹ್ನ ಯಾವ ಗುಡಿ ಬಾಗಲಾ ತಗದಿರ್ತದ?"

"ಹೊರಗಿಂದನ ಕೈಮುಗೀತೀನ್ರಿ."

"ಸೋಮವಾರದಿಂದ ಮನಿ ಕೀಲಿ ನನ್ನ ಕಡೆ ಇರ್ತದ. ನೀ ಒಳಗಿಂದನ ಕೈಮುಗಿ."

ಪ್ರಮೀಳಾಬಾಯಿ ಅಂದು ನನ್ನ ಮೇಲಿನ ಧೂಳನ್ನು ಬಹಳ ಹೊತ್ತು ಒರೆಸಿದರು.

ಭಾನುವಾರ ಹಳೆಯದೊಂದು ಫ್ರೆಂಚ್ ಚಿತ್ರವಿತ್ತು. ಫ್ರೆಂಚ್ ಎಂದರೆ ಊರಿನ ಹುಬ್ಬು ಮೇಲೇರುತ್ತಿತ್ತು. ಚಿತ್ರ ಮರ್ಯಾದೆಯದೆಂದು ತೋರಿಸಲು ಸದಸ್ಯರೆಲ್ಲ ಹೆಂಡಂದಿರನ್ನು ಕರೆತರಬೇಕೆಂದು ಸೊಸೈಟಿ ಗೊತ್ತುಮಾಡಿತು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಮಾಸ್ತರರು ನನ್ನ ಪಕ್ಕ ನಿಂತು ಮೈಕಿನಲ್ಲಿ ಕನ್ನಡಕ್ಕೆ ತಿರುಗಿಸುವುದು ಅಲ್ಲಿನ ರೂಢಿ. ಹೆಂಗಸರ ಕಿವಿಗೆ ಬೇಡವೆಂದು ತಮಗೆ ಅನ್ನಿಸಿದ್ದನ್ನು ಅವರು ತಿದ್ದಿಯೇ ಹೇಳುತ್ತಿದ್ದರು.

ಎಂಥ ಚಿತ್ರ ಅದು! ಬಾತುಕೋಳಿಗಳು ದಾಟುವವರೆಗೂ ಶವಯಾತ್ರೆಯನ್ನೇ ನಿಲ್ಲಿಸಿಕೊಳ್ಳುವ ಊರು. ಅಲ್ಲಿ ಪೀಪಾಯಿ ಮಾಡುವವನ ಹೆಂಡತಿ ದಿನಾ ಸೇತುವೆ ದಾಟಿ ಹೋಗುತ್ತಾಳೆ. ಊರೆಲ್ಲ ಪಿಸುಗುಡುತ್ತದೆ. ಒಂದು ದಿನ ಗಂಡ, ಪಾದ್ರಿ, ಕ್ಷೌರಿಕ ಬಣವೆಯ ಹಿಂದೆ ಅಡಗಿ ನೋಡುತ್ತಾರೆ. ಆಕೆ ಸೈಕಲ್ ಕಲಿಯುತ್ತಿದ್ದಾಳೆ! ನೋಡುತ್ತಿದ್ದಂತೆ ಕೆಸರಿಗೆ ಬೀಳುತ್ತಾಳೆ. ಚಿತ್ರ ಯಾರನ್ನೂ ಹೀಗಳೆಯುವುದಿಲ್ಲ. ಕ್ಷೌರಿಕ ಸುಮ್ಮನೆ ತನ್ನ ತಲೆಯಿಂದ ಹುಲ್ಲು ಆರಿಸಿಕೊಳ್ಳುತ್ತಾನೆ, ಅಷ್ಟೇ. ಅವನ ನಾಚಿಕೆಯೆಲ್ಲ ಆ ಬೆರಳುಗಳಲ್ಲಿತ್ತು.

"ನನಗೇಕೆ ಹೇಳಲಿಲ್ಲ?" ಎನ್ನುತ್ತಾನೆ ಗಂಡ.

ಆಕೆ ಮೂಗಿನ ಕೆಸರು ಒರೆಸಿಕೊಂಡು, "ಹೇಳಿದ್ದರೆ ನೀನು 'ನಾನೇ ಕಲಿಸುತ್ತೇನೆ' ಅನ್ನುತ್ತಿದ್ದೆ" ಎನ್ನುತ್ತಾಳೆ.

ಮಾಸ್ತರರು ಇನ್ನೂ ಬಾಯಿ ತೆರೆದಿರಲಿಲ್ಲ. ಎರಡನೆಯ ಸಾಲಿನಲ್ಲಿ ಒಬ್ಬರೇ ನಕ್ಕರು. ಪ್ರಮೀಳಾಬಾಯಿ. ಮಾಸ್ತರರು ತಡವರಿಸಿ ಮೈಕಿನಲ್ಲಿ, "'ತಪ್ಪಾಯಿತು, ಕ್ಷಮಿಸು' ಎನ್ನುತ್ತಾಳೆ" ಎಂದರು. ಪ್ರಮೀಳಾಬಾಯಿಯೊಬ್ಬರೇ ಮತ್ತೆ ನಕ್ಕರು, ಈ ಸಲ ಜೋರಾಗಿ.

ರೀಲು ಮುಗಿದು ದೀಪ ಹತ್ತಿದ್ದೇ ಮಾಸ್ತರರು ಹೆಂಡತಿಯನ್ನು ನನ್ನ ಬಳಿಗೆ ಕರೆದರು.

"ನಿನಗ ಇಂಗ್ಲಿಷ್ ಓದಾಕ ಬರ್ತದ?"

"ಫಿಲೋಮಿನಾ ಟೀಚರ್ ಮನ್ಯಾಗ ಕಲತೆ. ದಿನಾ ಅಲ್ಲೇ ಹೋಗ್ತಿದ್ದೆ."

"ಅಲ್ಲ, ನನಗ ಹೇಳಿದ್ರ ನಾನೇ ಕಲಿಸ್ತಿದ್ದೆನಲ್ಲ!"

ಪ್ರಮೀಳಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ತಾನೇನು ಅಂದೆನೆಂದು ಮಾಸ್ತರರಿಗೆ ಹೊಳೆಯಲು ತುಸು ಹೊತ್ತು ಹಿಡಿಯಿತು. ಆಮೇಲೆ ಅವರ ಕಿವಿ ಕೆಂಪಾಯಿತು. ಸೋಮವಾರ ಕೀಲಿ ಹೆಂಡತಿಯ ಸೊಂಟದಲ್ಲೇ ಇತ್ತು.

ವಿಡಿಯೊ ಬಂದ ಮೇಲೆ ನನ್ನನ್ನು ಯಾರೂ ಕೇಳಲಿಲ್ಲ. ಈಗ ಕಾಲೇಜಿನ ಉಗ್ರಾಣದಲ್ಲಿ, ಮುರಿದ ಬೆಂಚುಗಳ ನಡುವೆ ಇದ್ದೇನೆ. ಇಲ್ಲಿಗೆ ತರುವ ದಿನವೂ ಪ್ರಮೀಳಾಬಾಯಿ ಹೊರಡಲು ಸಿದ್ಧರಾಗಿದ್ದರು.

"ಇನ್ನೂ ಇಂಗ್ಲಿಷ್ ಮುಗೀಲಿಲ್ಲೇನು?" ಎಂದರು ಮಾಸ್ತರರು.

"ಅದು ಯಾವಾಗೋ ಮುಗೀತ್ರಿ."

"ಮತ್ತ?"

ಪ್ರಮೀಳಾಬಾಯಿ ಚಪ್ಪಲಿ ಮೆಟ್ಟಿ ಹೊರಟರು. ಮಾಸ್ತರರು ನನ್ನ ಕಡೆ ನೋಡಿದರು, ನನಗೇನಾದರೂ ಗೊತ್ತಿರಬಹುದೆಂಬಂತೆ. ಎಷ್ಟೋ ಊರುಗಳ ಗುಟ್ಟನ್ನು ಪರದೆಯ ಮೇಲೆ ಬಿಚ್ಚಿದವನು ನಾನು. ಆದರೆ ಒಂದೇ ಪಡಸಾಲೆಯಲ್ಲಿ ಅಷ್ಟು ವರ್ಷ ಇದ್ದ ಹೆಂಗಸು ಇಂಗ್ಲಿಷ್ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಿದ್ದರೆಂದು ಇಂದಿಗೂ ತಿಳಿಯದು. ತಿಳಿಯದಿದ್ದರೇ ಒಳ್ಳೆಯದೇನೋ ಎಂದು ಈಚೆಗೆ ಅನ್ನಿಸುತ್ತದೆ. ಆದರೂ ಆ ಅನಿಸಿಕೆಯ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ.